ಶಾರ್ಟ್ ಸ್ಟೆಮ್ ಹಾಕಿಸಿಕೊಳ್ಳುವ ಮುಂಚೆ: ಹಿಪ್ ಆಪರೇಷನ್‌ಗೆ ಹೋಗುವವರು ಏನು ನೋಡಬೇಕು, ಏನು ಕೇಳಬೇಕು

ಭಾವನ ಎಕ್ಸ್‌ರೇ ನನ್ನ ಫೋನಿಗೆ ಬಂದಾಗ ರಾತ್ರಿ ಹತ್ತೂವರೆ. ಅದರ ಕೆಳಗೆ ಒಂದೇ ಸಾಲು. "ಡಾಕ್ಟ್ರು ಶಾರ್ಟ್ ಸ್ಟೆಮ್ ಹಾಕ್ತೀನಿ ಅಂದ್ರು, ಹೊಸದಂತೆ, ಒಳ್ಳೇದಂತೆ, ಹಾಕಿಸ್ಲೇನಮ್ಮ?"

ಭಾವನಿಗೆ ಸೊಂಟದ ಕೀಲು ಬದಲಿಸುವ ಆಪರೇಷನ್ ಆಗಬೇಕಿತ್ತು. ಅದರಲ್ಲಿ ತೊಡೆಮೂಳೆಯೊಳಗೆ ಇಳಿಸುವ ಕಡ್ಡಿಯ ಗಿಡ್ಡ ರೂಪವೇ ಶಾರ್ಟ್ ಸ್ಟೆಮ್. ನಾನು ಫಿಸಿಯೋಥೆರಪಿಸ್ಟ್. ಹದಿನಾಲ್ಕು ವರ್ಷದಿಂದ ಮೂಳೆ ವಾರ್ಡಿನಲ್ಲಿ ಕೆಲಸ. ಆಪರೇಷನ್ ಮಾಡುವವಳಲ್ಲ, ಆದಮೇಲೆ ಮೊದಲ ಹೆಜ್ಜೆ ಇಡಿಸುವವಳು. ಹಾಗಾಗಿ ಹಾಕಿಸಿ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. "ನಾಳೆ ಫೋನ್ ಮಾಡ್ತೀನಿ ಭಾವ, ಒಂದು ನೋಟ್‌ಬುಕ್ ಇಟ್ಕೊಂಡಿರಿ" ಅಂದೆ. ಆ ನೋಟ್‌ಬುಕ್ಕಿನಲ್ಲಿ ಬರೆಸಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ವಾರ್ಡಿನಲ್ಲಿ ಪೇಷಂಟುಗಳನ್ನು "ನಿಮಗೆ ಏನು ಹಾಕಿದ್ದಾರೆ ಗೊತ್ತಾ?" ಅಂತ ಕೇಳಿದರೆ ಬಹಳ ಜನ "ಬಾಲ್ ಚೇಂಜ್ ಮಾಡಿದ್ದಾರೆ" ಅಂತಷ್ಟೇ ಹೇಳುತ್ತಾರೆ. ಜೀವನಪೂರ್ತಿ ಮೈಯೊಳಗೆ ಇರುವ ವಸ್ತು ಅದು. ಅದರ ಬಗ್ಗೆ ಇಷ್ಟೇ ಗೊತ್ತಿದ್ದರೆ ಸಾಲದು.

ಮೊದಲು ಆ ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿ

ಸೊಂಟದ ಕೀಲು ಅಂದರೆ ಒಂದು ಬಟ್ಟಲು, ಅದರೊಳಗೆ ತಿರುಗುವ ಒಂದು ಚೆಂಡು. ಆಪರೇಷನ್‌ನಲ್ಲಿ ನಾಲ್ಕು ಭಾಗ ಹಾಕುತ್ತಾರೆ. ಸೊಂಟದ ಮೂಳೆಗೆ ಒಂದು ಲೋಹದ ಕಪ್. ಅದರೊಳಗೆ ಪ್ಲಾಸ್ಟಿಕ್ ಅಥವಾ ಸೆರಾಮಿಕ್ ಲೈನರ್. ಅದರಲ್ಲಿ ತಿರುಗುವ ಚೆಂಡು. ಆ ಚೆಂಡನ್ನು ಹೊತ್ತು ತೊಡೆಮೂಳೆಯ ಒಳಗೆ ಇಳಿಯುವ ಕಡ್ಡಿಯೇ ಸ್ಟೆಮ್. ಶಾರ್ಟ್ ಅನ್ನುವುದು ಈ ಕಡ್ಡಿಗೆ ಮಾತ್ರ. ಚೆಂಡು, ಕಪ್ ಎಲ್ಲ ಮಾಮೂಲಿನವೇ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮಾಮೂಲಿ ಸ್ಟೆಮ್ ಸುಮಾರು 12ರಿಂದ 16 ಸೆಂಟಿಮೀಟರ್ ಇರುತ್ತದೆ. 12 ಸೆಂಟಿಮೀಟರಿಗಿಂತ ಕಮ್ಮಿ ಇದ್ದರೆ ಸಾಮಾನ್ಯವಾಗಿ ಶಾರ್ಟ್ ಅನ್ನುತ್ತಾರೆ. ಬಹಳಷ್ಟು ಸರ್ಜನ್‌ಗಳ ಮೇಜಿನ ಮೇಲೆ ಸ್ಯಾಂಪಲ್ ಇರುತ್ತದೆ. "ಸ್ವಲ್ಪ ತೋರಿಸ್ತೀರಾ ಸರ್" ಅಂತ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಭಾವನ ಜೊತೆ ಹೋದಾಗ ಡಾಕ್ಟರು ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಉದ್ದದ್ದು ನೆಟ್ಟಗೆ, ಕೆಳಗೆ ಹೋಗುತ್ತಾ ಸಣ್ಣ. ಗಿಡ್ಡದ್ದು ಮಡಚಿದ ಹೆಬ್ಬೆರಳಿನ ಹಾಗೆ ಬಾಗಿತ್ತು. ಭಾವನದ್ದು ಲೇತ್ ಅಂಗಡಿ. ಅವರು ಗಿಡ್ಡದ್ದನ್ನು ಎತ್ತಿಕೊಂಡು ಅದರ ಮೇಲ್ಭಾಗದ ಒರಟು ಜಾಗವನ್ನು ಹೆಬ್ಬೆರಳಲ್ಲಿ ಸವರಿ, "ಇಲ್ಲಿ ಮೂಳೆ ಹಿಡ್ಕೊಳತ್ತೆ ಅಲ್ವಾ ಡಾಕ್ಟ್ರೇ" ಅಂದರು. ಅದೇ ವಿಷಯ. ಇದು ಟೈಟಾನಿಯಂ. ಮೂಳೆಗೆ ಅಂಟಿಸುವ ಸಿಮೆಂಟ್ ಇಲ್ಲದೆ ಮೂಳೆಯೊಳಗೆ ಬಿಗಿಯಾಗಿ ಕೂರಿಸುತ್ತಾರೆ. ಆಮೇಲೆ ಆರು ವಾರದಿಂದ ಮೂರು ತಿಂಗಳ ಒಳಗೆ ಆ ಒರಟು ಮೈಗೆ ಮೂಳೆ ಬೆಳೆದು ಅಂಟಿಕೊಳ್ಳುತ್ತದೆ.

ಗಿಡ್ಡದು ಯಾಕೆ ಬಂತು? ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ 1960ರ ದಶಕದ ಶುರುವಿನಲ್ಲಿ ಈಗಿನ ರೀತಿಯ ಹಿಪ್ ಆಪರೇಷನ್‌ಗೆ ದಾರಿ ಮಾಡಿದರು. ಉದ್ದ ಸ್ಟೆಮ್, ಸುತ್ತ ಸಿಮೆಂಟ್. ಆಮೇಲೆ ಸಿಮೆಂಟ್ ಇಲ್ಲದ ಸ್ಟೆಮ್‌ಗಳು ಬಂದವು. ಅವು ಚೆನ್ನಾಗಿ ನಿಂತವು, ಆದರೆ ಒಂದು ತೊಂದರೆ ಕಾಣಿಸಿತು. ಉದ್ದ ಸ್ಟೆಮ್ ಮೈಭಾರವನ್ನು ತೊಡೆಮೂಳೆಯ ಕೆಳಭಾಗಕ್ಕೆ ಒಯ್ದು ಕೊಡುತ್ತದೆ. ಮೇಲ್ಭಾಗದ ಮೂಳೆಗೆ ಕೆಲಸವೇ ಇರುವುದಿಲ್ಲ. ಕೆಲಸ ಇಲ್ಲದ ಮೂಳೆ ನಿಧಾನಕ್ಕೆ ತೆಳ್ಳಗಾಗುತ್ತದೆ. ಕೆಲವರಿಗೆ ಸ್ಟೆಮ್‌ನ ತುದಿ ಇರುವ ಜಾಗದಲ್ಲಿ, ಅಂದರೆ ತೊಡೆಯ ನಡುವೆ, ನೋವೂ ಬರುತ್ತದೆ. ಭಾರ ಮೇಲೇ ಬೀಳಲಿ, ಮೇಲಿನ ಮೂಳೆ ಉಳಿಯಲಿ ಅಂತ ಗಿಡ್ಡ ಸ್ಟೆಮ್ ಮಾಡಿದರು. ಇಟಲಿಯಲ್ಲಿ ಫ್ರಾಂಚೆಸ್ಕೊ ಪಿಪಿನೊ, ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಬರ್ನಾರ್ಡ್ ಮೋರಿ, ಇವರೆಲ್ಲ 1980ರ ದಶಕದಲ್ಲೇ ಇದರ ಮೇಲೆ ಕೆಲಸ ಮಾಡಿದವರು. ಹಾಗಾಗಿ "ಹೊಸದು" ಅನ್ನುವ ಮಾತು ಅರ್ಧ ಮಾತ್ರ ನಿಜ. ಯೋಚನೆ ಹಳೆಯದು, ಈಗ ಸಿಗುವ ಮಾಡೆಲ್‌ಗಳು ಹೊಸವು.

ಶಾರ್ಟ್ ಅಂತ ಕರೆಯುವುದೆಲ್ಲ ಒಂದೇ ಜಾತಿಯದ್ದಲ್ಲ, ಇಲ್ಲಿ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಮೇಥಾ, ನ್ಯಾನೋಸ್, ಆಪ್ಟಿಮಿಸ್, ಮಿನಿಹಿಪ್ ಇಂಥವು ಬಾಗಿರುತ್ತವೆ. ತೊಡೆಮೂಳೆಯ ಕತ್ತಿನ, ಅಂದರೆ ಚೆಂಡಿನ ಕೆಳಗಿರುವ ಕಿರಿದಾದ ಜಾಗದ, ಸ್ವಲ್ಪ ಭಾಗ ಉಳಿಸಿಕೊಂಡು ಅದರ ಒಳಗೋಡೆಗೆ ಒರಗಿ ಕೂರುತ್ತವೆ. ಇನ್ನು ಟೇಪರ್‌ಲಾಕ್ ಮೈಕ್ರೋಪ್ಲಾಸ್ಟಿ ಥರದವು ಮಾಮೂಲಿ ನೇರ ಸ್ಟೆಮ್ಮನ್ನೇ ಕೆಳಗಿನಿಂದ ಗಿಡ್ಡ ಮಾಡಿದವು. ಕೂರುವ ರೀತಿ ಬೇರೆ, ಮೂಳೆ ಕತ್ತರಿಸುವ ಜಾಗ ಬೇರೆ. ಅದಕ್ಕೇ "ಶಾರ್ಟ್ ಸ್ಟೆಮ್ ಹಾಕ್ತೀವಿ" ಅಂದಾಗ ಅಲ್ಲಿಗೇ ಬಿಡಬೇಡಿ, ಯಾವುದು ಅಂತ ಹೆಸರು ಬರೆಸಿಕೊಳ್ಳಿ.

ನಿಮ್ಮ ಮೂಳೆ ಇದಕ್ಕೆ ಆಗುತ್ತಾ?

ಹಸು ಕಟ್ಟುವ ಗೂಟ ನೆನಪಿಸಿಕೊಳ್ಳಿ. ಗಟ್ಟಿ ಮಣ್ಣಿನಲ್ಲಿ ಗೇಣುದ್ದದ ಗೂಟ ಹೊಡೆದರೂ ಹಸು ಎಳೆದರೆ ಅಲ್ಲಾಡುವುದಿಲ್ಲ. ಸಡಿಲ ಮಣ್ಣಾದರೆ ಮೊಳದುದ್ದ ಇಳಿಸಬೇಕು, ಇಲ್ಲವಾದರೆ ಸುತ್ತ ಕಲ್ಲು ತುಂಬಬೇಕು. ಶಾರ್ಟ್ ಸ್ಟೆಮ್ ಯಾರಿಗೆ ಅನ್ನುವ ಪ್ರಶ್ನೆಗೆ ಇದರಲ್ಲೇ ಅರ್ಧ ಉತ್ತರ ಇದೆ. ಮೇಲಿನ ಮೂಳೆ ಗಟ್ಟಿ ಇದ್ದವರಿಗೆ ಮಾತ್ರ.

ಅದನ್ನು ನೋಡುವುದು ಹೇಗೆ? ಮೊದಲನೆಯದು ಸರಿಯಾದ ಎಕ್ಸ್‌ರೇ. ನೋವಿರುವ ಕಡೆಯದೊಂದೇ ಅಲ್ಲ, ಎರಡೂ ಸೊಂಟ ಒಟ್ಟಿಗೆ ಕಾಣುವ, ತೊಡೆಮೂಳೆಯ ಮೇಲಿನ ಅರ್ಧದಷ್ಟು ಭಾಗವೂ ಬರುವ ಎಕ್ಸ್‌ರೇ ಬೇಕು. ತೆಗೆಯುವಾಗ ಎರಡೂ ಪಾದದ ಬೆರಳು ಸುಮಾರು 15 ಡಿಗ್ರಿ ಒಳಕ್ಕೆ ತಿರುಗಿರಬೇಕು. ತೊಡೆಮೂಳೆಯ ಕತ್ತು ಸ್ವಲ್ಪ ಮುಂದಕ್ಕೆ ವಾಲಿರುತ್ತದೆ, ಕಾಲು ಹೊರಕ್ಕೆ ಬಿದ್ದಿದ್ದರೆ ಚಿತ್ರದಲ್ಲಿ ಕತ್ತು ಮೊಂಡಾಗಿ ಕಾಣುತ್ತದೆ, ಅಳತೆ ತಪ್ಪುತ್ತದೆ. ನೋವಿನಿಂದ ಕಾಲು ಒಳಕ್ಕೆ ತಿರುಗದಿದ್ದರೆ ಎಕ್ಸ್‌ರೇ ತೆಗೆಯುವವರಿಗೆ ಹೇಳಿ, ಸುಮ್ನೆ ಇರಬೇಡಿ. ಕಾಲಿನ ಪಕ್ಕ ಒಂದು ಚಿಕ್ಕ ಲೋಹದ ಗುಂಡು ಇಟ್ಟು ತೆಗೆದಿದ್ದರೆ ಇನ್ನೂ ಒಳ್ಳೆಯದು. ಎಕ್ಸ್‌ರೇಯಲ್ಲಿ ಎಲ್ಲವೂ ನಿಜಕ್ಕಿಂತ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ. ಗುಂಡಿನ ಅಳತೆ ಮೊದಲೇ ಗೊತ್ತಿರುವುದರಿಂದ ಎಷ್ಟು ದೊಡ್ಡದಾಗಿದೆ ಅಂತ ಲೆಕ್ಕ ಸಿಗುತ್ತದೆ.

ಆ ಎಕ್ಸ್‌ರೇ ಮೇಲೆ ಸರ್ಜನ್ ಸ್ಟೆಮ್‌ನ ನೆರಳು ಇಟ್ಟು ನೋಡುತ್ತಾರೆ. ಇದಕ್ಕೆ ಟೆಂಪ್ಲೇಟಿಂಗ್ ಅನ್ನುತ್ತಾರೆ. ಯಾವ ಸೈಜು, ಕತ್ತು ಎಲ್ಲಿ ಕತ್ತರಿಸಬೇಕು, ಕಾಲಿನ ಉದ್ದ ಎಷ್ಟು ಬರುತ್ತದೆ, ಎಲ್ಲ ಇಲ್ಲೇ ತೀರ್ಮಾನ. ಬಾಗಿದ ಗಿಡ್ಡ ಸ್ಟೆಮ್‌ನಲ್ಲಿ ಕತ್ತು ಕತ್ತರಿಸುವ ಎತ್ತರ ಕೆಲವು ಮಿಲಿಮೀಟರ್ ಆಚೀಚೆ ಆದರೂ ಸ್ಟೆಮ್ ವಾಲುವ ಕೋನ ಬದಲಾಗುತ್ತದೆ, ಅದರ ಜೊತೆ ಕಾಲಿನ ಉದ್ದವೂ ಬದಲಾಗುತ್ತದೆ. ಹಾಗಾಗಿ "ನನ್ನದು ಟೆಂಪ್ಲೇಟ್ ಮಾಡಿದ್ದೀರಾ, ತೋರಿಸ್ತೀರಾ" ಅಂತ ಕೇಳುವುದರಲ್ಲಿ ತಪ್ಪಿಲ್ಲ. ಭಾವನದ್ದನ್ನು ಕಂಪ್ಯೂಟರ್ ಪರದೆಯಲ್ಲಿ ತೋರಿಸಿದರು. ಬೂದು ಬಣ್ಣದ ಮೂಳೆ, ಅದರೊಳಗೆ ಹಸಿರು ಗೆರೆಯ ಸ್ಟೆಮ್. ಒಂದು ಸೈಜು ಕಮ್ಮಿ ಮಾಡಿದಾಗ ಗೆರೆ ಗೋಡೆಯಿಂದ ದೂರ ಹೋಯಿತು. "ಇದು ಲೂಸ್ ಆಗತ್ತೆ" ಅಂತ ಭಾವನೇ ಹೇಳಿದರು.

ಮೂಳೆಯ ಆಕಾರಕ್ಕೆ ಡಾಕ್ಟರುಗಳು ಡಾರ್ ಎ, ಬಿ, ಸಿ ಅಂತ ಹೆಸರಿಟ್ಟಿದ್ದಾರೆ. ಎ ಅಂದರೆ ಒಳಗಿನ ಕೊಳವೆ ಆಲಿಕೆಯ ಹಾಗೆ, ಮೇಲೆ ಅಗಲ, ಕೆಳಗೆ ಕಿರಿದು, ಗೋಡೆ ದಪ್ಪ. ಸಿ ಅಂದರೆ ಪಿವಿಸಿ ಪೈಪಿನ ಹಾಗೆ ಮೇಲಿಂದ ಕೆಳಗೂ ಒಂದೇ ಅಗಲ, ಗೋಡೆ ತೆಳು. ಬಿ ಇವೆರಡರ ನಡುವಿನದು. ಎ, ಬಿ ಇದ್ದವರಿಗೆ ಶಾರ್ಟ್ ಸ್ಟೆಮ್ ಯೋಚಿಸಬಹುದು. ಸಿ ಇದ್ದರೆ ಬಹಳಷ್ಟು ಸರ್ಜನ್‌ಗಳು ಸಿಮೆಂಟ್ ಹಾಕುವ ಸ್ಟೆಮ್ ಕಡೆಗೇ ಹೋಗುತ್ತಾರೆ. ನಮ್ಮ ಪಕ್ಕದ ಮನೆಯ ಅಜ್ಜಿಗೆ 74. ಅವರ ಮಗ ಬೆಂಗಳೂರಿಂದ ಬಂದು "ಅಮ್ಮಂಗೆ ಲೇಟೆಸ್ಟ್ ಶಾರ್ಟ್ ಸ್ಟೆಮ್ಮೇ ಹಾಕಿ" ಅಂತ ಪಟ್ಟು ಹಿಡಿದರು. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ಕಾಗದದಷ್ಟು ತೆಳ್ಳಗಿದ್ದ ಗೋಡೆ ತೋರಿಸಿದರು, ಸಿಮೆಂಟ್ ಸ್ಟೆಮ್ ಹಾಕಿದರು. ಅಜ್ಜಿ ಮಾರನೇ ದಿನ ವಾಕರ್ ಹಿಡಿದು ಬಾತ್‌ರೂಮಿಗೆ ಹೋದರು. ತೆಳು ಮೂಳೆಯೊಳಗೆ ಸಿಮೆಂಟ್ ಇಲ್ಲದ ಸ್ಟೆಮ್ ಬಿಗಿಯಾಗಿ ಹೊಡೆದರೆ ಮೂಳೆ ಸೀಳುವ ಅಪಾಯ ಜಾಸ್ತಿ. ವಯಸ್ಸಾದವರಲ್ಲಿ ಸಿಮೆಂಟ್ ಸ್ಟೆಮ್ ಹಳೇ ಕಾಲದ್ದು ಅಂತ ಅಂದುಕೊಳ್ಳಬೇಡಿ, ಅವರಿಗೆ ಅದೇ ಭದ್ರ.

ಐವತ್ತು ದಾಟಿದ ಹೆಂಗಸರು, ತುಂಬಾ ದಿನ ಸ್ಟೀರಾಯ್ಡ್ ತೆಗೆದುಕೊಂಡವರು ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿಕೊಂಡು ಹೋಗುವುದು ಒಳ್ಳೆಯದು. ಅದರ ರಿಪೋರ್ಟಿನಲ್ಲಿ ಟಿ ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಸವೆತ (ಆಸ್ಟಿಯೋಪೊರೋಸಿಸ್) ಇದೆ ಅಂತ ಲೆಕ್ಕ. ಹಿಂದೆ ಅದೇ ಕಡೆ ಮೂಳೆ ಮುರಿದು ಪ್ಲೇಟು, ಸ್ಕ್ರೂ ಹಾಕಿದ್ದರೆ, ಹುಟ್ಟಿನಿಂದಲೇ ಸೊಂಟದ ಆಕಾರ ಬೇರೆ ಇದ್ದರೆ ಅದನ್ನೂ ಮೊದಲೇ ಹೇಳಿಬಿಡಿ. ಅಂಥ ಮೂಳೆಯಲ್ಲಿ ಗಿಡ್ಡ ಸ್ಟೆಮ್ ನಿಲ್ಲಿಸುವುದು ಕಷ್ಟ.

ಇನ್ನು ಎವಿಎನ್. ನಮ್ಮ ಕಡೆ ಚಿಕ್ಕ ವಯಸ್ಸಿನಲ್ಲಿ ಹಿಪ್ ಆಪರೇಷನ್‌ಗೆ ಬರುವವರಲ್ಲಿ ಬಹಳ ಜನ ಇದರವರೇ. ಚೆಂಡಿಗೆ ರಕ್ತ ಹೋಗುವುದು ನಿಂತು ಅದು ಒಳಗೊಳಗೇ ಸತ್ತು ಕುಸಿಯುತ್ತದೆ. ಸ್ಟೀರಾಯ್ಡ್, ಕುಡಿತ, ತೊಡೆಮೂಳೆಯ ಕತ್ತಿನ ಮುರಿತ ಇವು ಮುಖ್ಯ ಕಾರಣಗಳು. ಭಾವನಿಗೆ 2021ರಲ್ಲಿ ಕೋವಿಡ್ ಜೋರಾಗಿ ಆಗಿತ್ತು, ಆಗ ಕೊಟ್ಟ ಸ್ಟೀರಾಯ್ಡ್ ಜೀವ ಉಳಿಸಿತು. ಮಾರನೇ ವರ್ಷ ತೊಡೆಸಂದಿನಲ್ಲಿ ನೋವು ಶುರುವಾಯಿತು, ಮೊಣಕಾಲಿನವರೆಗೂ ಇಳಿಯುತ್ತಿತ್ತು. ಆರು ತಿಂಗಳು ಮೊಣಕಾಲಿಗೇ ಎಣ್ಣೆ ಹಚ್ಚಿದರು, ನಾನೂ ಊರಲ್ಲಿರಲಿಲ್ಲ. ಎವಿಎನ್ ಇದ್ದವರು ಶಾರ್ಟ್ ಸ್ಟೆಮ್ ಯೋಚಿಸುವಾಗ ಒಂದು ವಿಷಯ ತಪ್ಪದೆ ಕೇಳಬೇಕು. ಸತ್ತ ಭಾಗ ಚೆಂಡಿನಲ್ಲೇ ನಿಂತಿದೆಯಾ, ಕತ್ತಿನವರೆಗೂ ಇಳಿದಿದೆಯಾ? ಬಾಗಿದ ಗಿಡ್ಡ ಸ್ಟೆಮ್ ಒರಗುವುದೇ ಆ ಕತ್ತಿಗೆ. ಅಲ್ಲಿ ಮೂಳೆಗೆ ಜೀವ ಇಲ್ಲದಿದ್ದರೆ ಅಂಟುವುದು ಯಾವುದಕ್ಕೆ? ಎಂಆರ್‌ಐಯಲ್ಲಿ ಇದು ಗೊತ್ತಾಗುತ್ತದೆ. ರಿಪೋರ್ಟಿನ ಹಾಳೆಯೊಂದೇ ಸಾಲದು, ಫಿಲ್ಮು ಅಥವಾ ಸಿಡಿ ಕೂಡ ತೆಗೆದುಕೊಂಡು ಹೋಗಿ.

ಸರ್ಜನ್ ಹತ್ತಿರ ಕೂತಾಗ

ಕೇಳಬೇಕಾದದ್ದನ್ನು ಮನೆಯಲ್ಲೇ ಬರೆದುಕೊಳ್ಳಿ. ಓಪಿಡಿಯಲ್ಲಿ ಹೊರಗೆ ಐವತ್ತು ಜನ ಕಾಯುತ್ತಿರುತ್ತಾರೆ, ಒಳಗೆ ಹೋದ ತಕ್ಷಣ ಎಲ್ಲ ಮರೆತುಹೋಗುತ್ತದೆ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಅವರು ಬರೆದುಕೊಳ್ಳಲಿ.

ಮೊದಲ ಪ್ರಶ್ನೆ, "ನನಗೇ ಇದು ಯಾಕೆ ಸರ್?" ಉತ್ತರದಲ್ಲಿ ನಿಮ್ಮ ವಯಸ್ಸು, ನಿಮ್ಮ ಎಕ್ಸ್‌ರೇ, ನಿಮ್ಮ ಮೂಳೆಯ ಮಾತು ಬರಬೇಕು. "ಲೇಟೆಸ್ಟು, ಎಲ್ಲರಿಗೂ ಇದೇ ಹಾಕ್ತಿದೀವಿ" ಅಂದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ತೆಗೆದುಕೊಳ್ಳಿ. ನನ್ನ ಪ್ರಕಾರ ಗಟ್ಟಿಯಾದ ಕಾರಣ ಒಂದೇ. ನಲವತ್ತು, ಐವತ್ತರಲ್ಲಿ ಆಪರೇಷನ್ ಆದವರಿಗೆ ಮುಂದೆ ಯಾವತ್ತೋ ಇನ್ನೊಂದು ಸಲ ಬದಲಾಯಿಸಬೇಕಾಗಿ ಬರಬಹುದು. ಆಗ ತೊಡೆಮೂಳೆಯಲ್ಲಿ ಮೂಳೆ ಉಳಿದಿದ್ದರೆ ಮಾಮೂಲಿ ಉದ್ದದ ಸ್ಟೆಮ್‌ನಲ್ಲೇ ಕೆಲಸ ಆಗುವ ಸಾಧ್ಯತೆ ಇರುತ್ತದೆ. ಚಿಕ್ಕ ವಯಸ್ಸಿನವರಿಗೆ ಅದು ಸಣ್ಣ ವಿಷಯ ಅಲ್ಲ.

ಎರಡನೆಯದು ಕೇಳೋಕೆ ಮುಜುಗರ, ಆದರೂ ಕೇಳಿ. "ಈ ಸ್ಟೆಮ್ಮನ್ನು ನೀವು ಎಷ್ಟು ವರ್ಷದಿಂದ ಹಾಕ್ತಿದೀರಿ, ಎಷ್ಟು ಜನಕ್ಕೆ ಹಾಕಿದೀರಿ?" ಉದ್ದ ಸ್ಟೆಮ್ ಕೊಳವೆಯ ಒಳಗೆ ತಾನೇ ನೇರ ಆಗುತ್ತದೆ. ಗಿಡ್ಡದಕ್ಕೆ ಆ ಆಸರೆ ಇಲ್ಲ. ಸರ್ಜನ್ ಕೈ ಹೇಗೆ ಕೂರಿಸುತ್ತದೋ ಹಾಗೆ ಕೂರುತ್ತದೆ. ಕೈ ಪಳಗದಿದ್ದರೆ ವಾಲುವುದು, ಸೈಜು ಕಮ್ಮಿ ಆಗುವುದು, ಆಮೇಲೆ ಕೆಳಕ್ಕೆ ಇಳಿಯುವುದು ಇವೆಲ್ಲ ಆಗುತ್ತವೆ. ಒಮ್ಮೆ ನಾನು ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ನಿಂತು ನೋಡಿದ್ದೇನೆ. ಅರದ ಹಾಗಿರುವ ಉಪಕರಣವನ್ನು ಮೂಳೆಯೊಳಗೆ ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಾ ಹೋಗುತ್ತಾರೆ. ಮೊದಲು ಶಬ್ದ ಮಂದವಾಗಿ ದಬ್ ದಬ್ ಅಂತಿತ್ತು. ಸರಿಯಾದ ಸೈಜು ಕೂತಾಗ ಶಬ್ದ ಬದಲಾಗಿ ಟಣ್ ಅಂತು, ಸರ್ಜನ್ ಕೈ ಅಲ್ಲೇ ನಿಂತಿತು. ಇನ್ನೆರಡು ಏಟು ಹೊಡೆದಿದ್ದರೆ ಮೂಳೆ ಬಿರುಕು ಬಿಡಬಹುದಿತ್ತು. ಆ ಶಬ್ದ ಕಿವಿಗೆ ಕೂರಬೇಕಾದರೆ ಅದೇ ಕೆಲಸ ಎಷ್ಟೋ ಸಲ ಮಾಡಿರಬೇಕು. ಮಾಮೂಲಿ ಸ್ಟೆಮ್‌ನಲ್ಲಿ ಕೈ ಪಳಗಿದ ಸರ್ಜನ್, ಶಾರ್ಟ್ ಸ್ಟೆಮ್ ಹೊಸದಾಗಿ ಕಲಿಯುತ್ತಿರುವ ಸರ್ಜನ್, ಇಬ್ಬರಲ್ಲಿ ಒಬ್ಬರನ್ನು ಆರಿಸು ಅಂದರೆ ನಾನು ಕಣ್ಣು ಮುಚ್ಚಿ ಮೊದಲನೆಯವರ ಹತ್ತಿರ ಹೋಗುತ್ತೇನೆ, ಉದ್ದ ಸ್ಟೆಮ್ಮೇ ಹಾಕಿಸಿಕೊಳ್ಳುತ್ತೇನೆ.

ಇದರ ಜೊತೆಗೇ ಕೇಳಿ, "ಒಳಗೆ ನೋಡಿದಾಗ ಇದು ಕೂರಲ್ಲ ಅನ್ನಿಸಿದರೆ ಏನು ಮಾಡ್ತೀರಿ?" ಮಾಮೂಲಿ ಸ್ಟೆಮ್, ಬಿರುಕು ಬಿಟ್ಟರೆ ಕಟ್ಟಲು ತಂತಿ, ಎಲ್ಲವೂ ಓಟಿಯಲ್ಲಿ ಸಿದ್ಧ ಇರಬೇಕು. ಒಳ್ಳೆಯ ಸರ್ಜನ್ ಈ ಪ್ರಶ್ನೆಗೆ ಖುಷಿ ಪಡುತ್ತಾರೆ.

ಇನ್ನು ಸ್ಟೆಮ್‌ನ ಚರಿತ್ರೆ. ಬ್ರಿಟನ್ನಿನಲ್ಲಿ ಒಡೆಪ್ ಅಂತ ಒಂದು ತಜ್ಞರ ಸಮಿತಿ ಇದೆ. ಇಂಪ್ಲಾಂಟುಗಳಿಗೆ, ಅಂದರೆ ಮೈಯೊಳಗೆ ಹಾಕುವ ಇಂಥ ಭಾಗಗಳಿಗೆ, 3, 5, 7, 10, 13, 15 ಅಂತ ಅಂಕಿ ಕೊಡುತ್ತದೆ, ಜೊತೆಗೆ ಎ, ಎ ಸ್ಟಾರ್ ಅಂತ ಅಕ್ಷರ. ಅಂಕಿ ಅಂದರೆ ಎಷ್ಟು ವರ್ಷದ ಮಾಹಿತಿ ನೋಡಿ ಕೊಟ್ಟಿದ್ದಾರೆ ಅಂತ, ಅಕ್ಷರ ಅಂದರೆ ಆ ಮಾಹಿತಿ ಎಷ್ಟು ಗಟ್ಟಿ ಅಂತ. ಸ್ಟೆಮ್‌ನ ಹೆಸರು ಗೊತ್ತಿದ್ದರೆ ಅವರ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. 1986ರಲ್ಲಿ ಬಂದ ಕೊರೈಲ್, 1970ರಿಂದ ಇರುವ ಎಕ್ಸಿಟರ್ ಇಂಥ ಮಾಮೂಲಿ ಸ್ಟೆಮ್‌ಗಳ ಹಿಂದೆ ದಶಕಗಳ ದಾಖಲೆ ಇದೆ. ಈಗಿನ ಬಹುತೇಕ ಶಾರ್ಟ್ ಸ್ಟೆಮ್‌ಗಳಿಗೆ ಅಷ್ಟು ಉದ್ದದ ದಾಖಲೆ ಇಲ್ಲ. ಇರುವಷ್ಟು ವರ್ಷದ ಫಲಿತಾಂಶ ಚೆನ್ನಾಗಿದೆ. ನೋವು ಹೋಗುವುದರಲ್ಲಿ, ನಡಿಗೆಯಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಕಂಡಿಲ್ಲ.

ಸ್ಟೆಮ್‌ನ ಕತ್ತಿನ ಭಾಗ ಬೇರೆ ತುಂಡಾಗಿ ಜೋಡಿಸುವಂಥದ್ದಾ, ಇಡೀ ಸ್ಟೆಮ್ ಒಂದೇ ತುಂಡಾ ಅಂತಲೂ ಕೇಳಿ. ಸ್ಟ್ರೈಕರ್ ಕಂಪನಿಯ ರಿಜುವೆನೇಟ್, ಎಬಿಜಿ 2 ಅನ್ನುವ ಜೋಡಣೆ ಕತ್ತಿನ ಸ್ಟೆಮ್‌ಗಳನ್ನು 2012ರಲ್ಲಿ ವಾಪಸ್ ತೆಗೆದುಕೊಂಡರು. ಆ ಜೋಡಣೆಯಲ್ಲಿ ಲೋಹ ಸವೆದು ಸುತ್ತಲಿನ ಮಾಂಸಕ್ಕೆ ತೊಂದರೆ ಆಗಿತ್ತು. ಒಂದೇ ತುಂಡಿನದಾದರೆ ಆ ಚಿಂತೆ ಇಲ್ಲ.

ಶಾರ್ಟ್ ಸ್ಟೆಮ್ ಕೊಡದ ವರಗಳು

"ಇದು ಹಾಕಿಸಿದರೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬಹುದಂತೆ, ಇಂಡಿಯನ್ ಟಾಯ್ಲೆಟ್ ಆಗುತ್ತಂತೆ" ಅಂತ ನನ್ನನ್ನು ಕೇಳುವವರು ಬಹಳ. ಮೇಲೆ ನೆನಪಿರಲಿ ಅಂದಿದ್ದು ಇದಕ್ಕೇ. ಕೀಲು ಜಾರುತ್ತದಾ ಇಲ್ಲವಾ ಅನ್ನುವುದು ಚೆಂಡಿನ ಸೈಜು, ಕಪ್ ಕೂತ ಕೋನ, ಸುತ್ತಲಿನ ಸ್ನಾಯು, ಯಾವ ಕಡೆಯಿಂದ ಆಪರೇಷನ್ ಮಾಡಿದರು ಅನ್ನುವುದರ ಮೇಲೆ ಹೋಗುತ್ತದೆ. ತೊಡೆಮೂಳೆಯ ಒಳಗೆ ಸ್ಟೆಮ್ ಎಷ್ಟು ಉದ್ದ ಇಳಿದಿದೆ ಅನ್ನುವುದಕ್ಕೂ ಇದಕ್ಕೂ ನೇರ ಸಂಬಂಧ ಇಲ್ಲ. ನೆಲದ ಮೇಲೆ ಕೂರುವುದು ನಿಮಗೆ ಮುಖ್ಯ ಅಂದರೆ, ಪೂಜೆಗೋ, ಊಟಕ್ಕೋ, ನಮಾಜಿಗೋ, ಅದನ್ನು ಸರ್ಜನ್‌ಗೆ ಬೇರೆಯಾಗಿ ಹೇಳಿ. ಚೆಂಡು 32 ಮಿಲಿಮೀಟರಾ, 36ಆ ಅಂತ ಕೇಳಿ. ಆ ಮಾತುಕತೆ ಅಲ್ಲಿ ನಡೆಯಬೇಕು.

ಸ್ಟೆಮ್ ಗಿಡ್ಡ ಆದಮಾತ್ರಕ್ಕೆ ಗಾಯವೂ ಚಿಕ್ಕದಾಗುವುದಿಲ್ಲ. ಬಾಗಿದ ಗಿಡ್ಡ ಸ್ಟೆಮ್ಮನ್ನು ಮುಂಭಾಗದಿಂದ ಮಾಡುವ ಆಪರೇಷನ್‌ನಲ್ಲಿ ಕೂರಿಸುವುದು ಸುಲಭ, ಸೊಂಟದ ಪಕ್ಕದ ಸ್ನಾಯು ಹಿಡಿದಿರುವ ಮೂಳೆಯ ಗುಬ್ಬನ್ನು ಅಷ್ಟು ಮುಟ್ಟುವುದಿಲ್ಲ, ಅದು ನಿಜವಾದ ಲಾಭ. ಆದರೆ ಹಿಂಭಾಗದಿಂದಲೂ ಇದನ್ನು ಹಾಕುತ್ತಾರೆ. ಯಾವ ಕಡೆಯಿಂದ ಅಂತ ತಿಳಿದುಕೊಳ್ಳಿ, ಆಮೇಲಿನ ಪಥ್ಯ ಅದರ ಮೇಲೇ ನಿಂತಿದೆ.

ದುಡ್ಡಿನ ವಿಷಯ

ಮೊಣಕಾಲಿನ ಇಂಪ್ಲಾಂಟುಗಳಿಗೆ 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಬೆಲೆ ಮಿತಿ ಹಾಕಿತು. ಸೊಂಟದ್ದು ಆ ಆದೇಶದಲ್ಲಿ ಇರಲಿಲ್ಲ. ಹಾಗಾಗಿ ಎಸ್ಟಿಮೇಟ್ ಬರೆಸಿಕೊಳ್ಳುವಾಗ ಇಂಪ್ಲಾಂಟಿನ ಬೆಲೆ ಬೇರೆ ಸಾಲಿನಲ್ಲಿ ಹಾಕಲು ಹೇಳಿ. ಕಪ್, ಲೈನರ್, ಚೆಂಡು, ಸ್ಟೆಮ್ ಒಂದೊಂದರದ್ದೂ. ಚೆಂಡು ಮೆಟಲ್ಲಾ ಸೆರಾಮಿಕ್ಕಾ ಅನ್ನುವುದರಿಂದಲೂ ಬಿಲ್ಲು ಮೇಲೆ ಕೆಳಗೆ ಆಗುತ್ತದೆ, ಅದನ್ನು ಶಾರ್ಟ್ ಸ್ಟೆಮ್‌ನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಹಿಪ್ ರಿಪ್ಲೇಸ್‌ಮೆಂಟ್ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ರೆಫರಲ್ ಬೇಕಾಗುತ್ತದಾ ಅಂತ ವಿಚಾರಿಸಿಕೊಳ್ಳಿ. ಯೋಜನೆಯಲ್ಲಿ ಕೊಡುವ ಸ್ಟೆಮ್ ಮಾಮೂಲಿ ಉದ್ದದ್ದೇ ಆಗಿರಬಹುದು. ಅದರಿಂದ ನಿಮಗೆ ಕಡಿಮೆ ಆಯಿತು ಅಂತ ದಯವಿಟ್ಟು ಕೊರಗಬೇಡಿ, ಶಾರ್ಟ್ ಸ್ಟೆಮ್‌ಗೋಸ್ಕರ ಸಾಲ ಮಾಡಲೂ ಬೇಡಿ.

ಆಪರೇಷನ್‌ಗೆ ಮುಂಚೆ

ಹುಳುಕು ಹಲ್ಲು, ಉರಿಮೂತ್ರ, ಕಾಲಿನ ಹುಣ್ಣು ಇದ್ದರೆ ಮೊದಲು ವಾಸಿ ಮಾಡಿಕೊಳ್ಳಿ, ಸೋಂಕು ಇಂಪ್ಲಾಂಟಿಗೆ ಹತ್ತಿದರೆ ಬಹಳ ಕಷ್ಟ. ಶುಗರ್ ಹತೋಟಿಗೆ ಬರಲಿ. ಬೀಡಿ ಸಿಗರೇಟು ಬಿಡಿ. ಸಿಮೆಂಟ್ ಇಲ್ಲದ ಸ್ಟೆಮ್‌ಗೆ ಮೂಳೆ ಬೆಳೆದು ಅಂಟಬೇಕು, ಹೊಗೆ ಅದಕ್ಕೆ ಅಡ್ಡಿ. ಮನೆಯಲ್ಲಿ ಕಾಲಿಗೆ ತೊಡರುವ ಮ್ಯಾಟು ತೆಗೆಯಿರಿ, ಕಮೋಡ್ ಎತ್ತರ ಮಾಡಿಸಿ, ಕೈ ಇರುವ ಗಟ್ಟಿ ಕುರ್ಚಿ ಒಂದು ಇರಲಿ.

ಆದಮೇಲೆ

ಬಹಳಷ್ಟು ಜನರನ್ನು ಅದೇ ದಿನ ಅಥವಾ ಮಾರನೇ ದಿನ ನಿಲ್ಲಿಸುತ್ತೇವೆ. ಎಷ್ಟು ಭಾರ ಹಾಕಬಹುದು ಅಂತ ಸರ್ಜನ್ ಬರೆದಿರುತ್ತಾರೆ. ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟು ತಂತಿ ಕಟ್ಟಿದ್ದರೆ ಕೆಲವು ವಾರ ಅರ್ಧ ಭಾರವೇ ಹಾಕಬೇಕಾಗಬಹುದು. ಪಕ್ಕದ ಬೆಡ್ಡಿನವರು ನಡೆಯುತ್ತಿದ್ದಾರೆ ಅಂತ ನೀವೂ ನಡೆಯಬೇಡಿ.

ಶಾರ್ಟ್ ಸ್ಟೆಮ್ ಇದ್ದವರಿಗೆ ನಾನು ಒತ್ತಿ ಹೇಳುವ ಮಾತು, ಮೊದಲ ಮೂರು ತಿಂಗಳು ತಿರುಚುವ ಭಾರ ಬೇಡ. ನೇರ ನಡಿಗೆ ಮೂಳೆಗೆ ಒಳ್ಳೆಯದು. ಆದರೆ ತಗ್ಗಿನ ಕುರ್ಚಿಯಿಂದ ಏಳುವಾಗ, ಮೆಟ್ಟಿಲು ಹತ್ತುವಾಗ ಸ್ಟೆಮ್ಮನ್ನು ತಿರುಗಿಸುವಂಥ ಒತ್ತಡ ಬೀಳುತ್ತದೆ. ಆಗಿನ್ನೂ ಮೂಳೆ ಪೂರ್ತಿ ಅಂಟಿರುವುದಿಲ್ಲ. ಏಳುವಾಗ ಎರಡೂ ಕೈ ಕುರ್ಚಿಯ ಕೈ ಮೇಲೆ ಇರಲಿ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ತಿರುಗಬೇಕಾದರೆ ಪಾದ ಊರಿಕೊಂಡು ಸೊಂಟ ತಿರುಗಿಸಬೇಡಿ, ಚಿಕ್ಕ ಚಿಕ್ಕ ಹೆಜ್ಜೆ ಇಟ್ಟು ಇಡೀ ಮೈ ತಿರುಗಿಸಿ. ಭಾವನಿಗೆ ಇದೇ ಕಷ್ಟ ಆಯಿತು. ಲೇತ್ ಮುಂದೆ ನಿಂತವರು ನಿಂತಲ್ಲೇ ತಿರುಗಿ ಟೂಲ್ ಎತ್ತಿಕೊಳ್ಳುವುದು ಅವರ ಮೂವತ್ತು ವರ್ಷದ ಅಭ್ಯಾಸ. ಕೊನೆಗೆ ಅಕ್ಕ ಟೂಲಿನ ಮೇಜನ್ನೇ ಅವರ ಎದುರಿಗೆ ತಂದು ಹಾಕಿಸಿದಳು.

ಹಿಂಭಾಗದಿಂದ ಆಪರೇಷನ್ ಆಗಿದ್ದರೆ ಸೊಂಟ 90 ಡಿಗ್ರಿಗಿಂತ ಜಾಸ್ತಿ ಬಗ್ಗಿಸಬೇಡಿ, ಕಾಲ ಮೇಲೆ ಕಾಲು ಹಾಕಬೇಡಿ, ಪಾದ ಒಳಕ್ಕೆ ತಿರುಗಿಸಬೇಡಿ, ಮಗ್ಗುಲಾಗಿ ಮಲಗುವಾಗ ಕಾಲ ನಡುವೆ ದಿಂಬು ಇರಲಿ. ಮುಂಭಾಗದಿಂದ ಆಗಿದ್ದರೆ ಕಾಲನ್ನು ಹಿಂದಕ್ಕೆ ಚಾಚಿ ಹೊರಕ್ಕೆ ತಿರುಗಿಸುವುದು ಬೇಡ. ಎಷ್ಟು ದಿನ ಅನ್ನುವುದನ್ನು ನಿಮ್ಮ ಸರ್ಜನ್ ಹೇಳಬೇಕು.

ಮೊದಲ ವಾರಗಳಲ್ಲಿ "ಕಾಲು ಉದ್ದ ಆಗಿದೆ" ಅಂತ ಬಹಳ ಜನ ಹೆದರುತ್ತಾರೆ. ವರ್ಷಗಟ್ಟಲೆ ಕುಂಟಿದ ಸೊಂಟದ ಸ್ನಾಯು ಬಿಗಿದಿರುತ್ತದೆ, ಅದರಿಂದ ಹಾಗನ್ನಿಸುವುದೇ ಹೆಚ್ಚು. ಮೂರು ತಿಂಗಳ ವ್ಯಾಯಾಮದಲ್ಲಿ ಎಷ್ಟೋ ಜನರಿಗೆ ಸರಿ ಹೋಗುತ್ತದೆ. ಅಲ್ಲಿಯವರೆಗೆ ಚಪ್ಪಲಿಗೆ ಅಟ್ಟೆ ಹಾಕಿಸಬೇಡಿ.

ಗಾಯದಿಂದ ನೀರೋ ಕೀವೋ ಬಂದರೆ, ಜ್ವರ ಬಂದರೆ, ಮೀನಖಂಡ ಊದಿ ನೋವಾದರೆ, ಇದ್ದಕ್ಕಿದ್ದಂತೆ ಕಾಲು ಗಿಡ್ಡ ಆಗಿ ತಿರುಗಿಕೊಂಡರೆ ಆಸ್ಪತ್ರೆಗೆ ತಕ್ಷಣ ಹೋಗಿ. ಎದೆ ನೋವು, ಉಸಿರು ಕಟ್ಟುವುದು ಆದರೆ ಒಂದು ನಿಮಿಷವೂ ಕಾಯಬೇಡಿ.

ಎಕ್ಸ್‌ರೇ ತಪ್ಪಿಸಬೇಡಿ. ಗಿಡ್ಡ ಸ್ಟೆಮ್ ಮೊದಲ ಕೆಲವು ತಿಂಗಳಲ್ಲಿ ಒಂದೆರಡು ಮಿಲಿಮೀಟರ್ ಇಳಿದು ಕೂರಬಹುದು, ಆಮೇಲೆ ನಿಲ್ಲಬೇಕು. ಆರು ವಾರದ್ದು, ಒಂದು ವರ್ಷದ್ದು ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಇದು ಗೊತ್ತಾಗುತ್ತದೆ. ನೋವಿಲ್ಲ, ಯಾಕೆ ಹೋಗಬೇಕು ಅಂತ ಮನೆಯಲ್ಲಿ ಕೂರುವವರನ್ನು ನೋಡಿ ಬೇಸರ ಆಗುತ್ತದೆ.

ಕೊನೆಯದಾಗಿ ಸ್ಟಿಕ್ಕರ್. ಪ್ರತಿ ಇಂಪ್ಲಾಂಟಿನ ಡಬ್ಬಿಯಲ್ಲೂ ಕಂಪನಿ, ಮಾಡೆಲ್, ಸೈಜು, ಲಾಟ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ. ಡಿಸ್ಚಾರ್ಜ್ ಸಾರಾಂಶದ ಮೇಲೆ ಅದನ್ನು ಅಂಟಿಸಿ ಕೊಡಿ ಅಂತ ಕೇಳಿ ಪಡೆಯಿರಿ. 2010ರಲ್ಲಿ ಡಿಪ್ಯೂ ಕಂಪನಿ ಎಎಸ್‌ಆರ್ ಅನ್ನುವ ಲೋಹದ ಹಿಪ್ಪನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು. ನಮ್ಮ ದೇಶದಲ್ಲಿ ಸುಮಾರು 4,700 ಆಪರೇಷನ್‌ಗಳಲ್ಲಿ ಅದನ್ನು ಹಾಕಿದ್ದರು. ಅವರಲ್ಲಿ ಬಹುಪಾಲು ಜನರನ್ನು ಹುಡುಕಿ ಹಿಡಿಯಲು ಆಗಲೇ ಇಲ್ಲ. ನನ್ನ ಹತ್ತಿರ ಒಬ್ಬರು ಹೆಂಗಸು ಬಂದಿದ್ದರು. ಒಂಬತ್ತು ವರ್ಷದ ಹಿಂದೆ ಎಲ್ಲೋ ಆದ ಆಪರೇಷನ್, ಈಗ ಸ್ಟೆಮ್ ಸಡಿಲ. ಕೈಯಲ್ಲಿದ್ದ ಹಾಳೆಯಲ್ಲಿ "ಟಿಎಚ್‌ಆರ್ ಮಾಡಲಾಗಿದೆ", ಅಂದರೆ ಸೊಂಟದ ಕೀಲು ಬದಲಿಸಲಾಗಿದೆ, ಅಂತ ಒಂದು ಸಾಲು, ಅಷ್ಟೇ. ಒಳಗೆ ಯಾವ ಸ್ಟೆಮ್ ಇದೆ, ತೆಗೆಯಲು ಯಾವ ಉಪಕರಣ ತರಿಸಬೇಕು ಅಂತ ತಿಳಿಯಲು ಸರ್ಜನ್ ಎರಡು ವಾರ ಅಲೆದರು, ಆ ಹೆಂಗಸು ಎರಡು ವಾರ ನೋವು ತಿಂದರು.

ಭಾವನ ನಾಲ್ಕು ಸ್ಟಿಕ್ಕರ್ ಅದೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿವೆ. ಫೋಟೋ ತೆಗೆದು ಅಕ್ಕನ ಫೋನಿಗೆ, ಮಗನ ಫೋನಿಗೆ, ನನ್ನ ಫೋನಿಗೆ ಕಳಿಸಿದ್ದಾರೆ. ಸ್ಟಿಕ್ಕರಿನ ಅಕ್ಷರ ವರ್ಷ ಕಳೆದಂತೆ ಮಾಸುತ್ತದೆ, ಅದಕ್ಕೇ ಪಕ್ಕದಲ್ಲಿ ಪೆನ್ನಿನಲ್ಲೂ ಬರೆದಿಟ್ಟಿದ್ದಾರೆ.